ಬೇಲಿಯ ಹಿಂದಿನ ಸಿಪಾಯಿ

ಆ ಬೀದಿಯ ಅರ್ಧ ಜನ ಬಾಯಿ ಬಿಟ್ಟು ನಗುತ್ತಿದ್ದದ್ದು ಹಲ್ಲಯ್ಯನ ದಯೆಯಿಂದ. ಹಲ್ಲಿನ ಸೆಟ್ ಮಾಡುವುದು ಅವನ ಕಸುಬು. ಹೆತ್ತವರು ಇಟ್ಟ ಹೆಸರನ್ನು ಆ ಕಸುಬು ಎಂದೋ ತಿಂದು ಹಾಕಿತ್ತು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಸುರಿದು, ಆರಿದ ಮೇಲೆ ಬಿಡಿಸಿ, ಆ ಪ್ಲಾಸ್ಟರಿನ ವಸಡಿಗೆ ಹೊಂದುವಂತೆ ಹಲ್ಲು ಕೂರಿಸಿ ವಾಪಸು ಕಳಿಸುತ್ತಾನೆ. ಬಾಯಿಯ ಯಜಮಾನರನ್ನು ಅವನು ನೋಡುವುದೇ ಇಲ್ಲ. ಚೀಟಿಯಲ್ಲಿ ಒಂದು ನಂಬರು, ಹಲ್ಲಿನ ಬಣ್ಣ, ಅಷ್ಟೇ. ಮೂವತ್ತು ವರ್ಷದಲ್ಲಿ ಸಾವಿರಾರು ಬಾಯಿ ಕಂಡವನ ಹತ್ತಿರ ಮಾತಾಡಲು ಒಂದು ಬಾಯಿ ಇರಲಿಲ್ಲ ಎಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ. ಯಾರಿಗೆ ಗೊತ್ತು, ನಿಮ್ಮ ಹಲ್ಲೂ ಅವನದೇ ಇರಬಹುದು.

ಕೆಳಗೆ ಕೆಲಸದ ಕೋಣೆ, ಮೇಲೆ ಮನೆ. ಮೇಲೆ ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಅವನು ಮಲಗುತ್ತಿದ್ದ, ಇನ್ನೊಂದರಲ್ಲಿ ಇಂಗ್ಲೆಂಡ್ ಇತ್ತು.

ಪೂರ್ತಿ ದೇಶವಲ್ಲ, ಒಂದು ಹಳ್ಳಿ. ಸುಮಾರು ನಾನೂರು ವರ್ಷದ ಹಿಂದಿನದು. ಹಳೆಯ ಬಾಗಿಲೊಂದನ್ನು ಮಲಗಿಸಿ, ಅಡಿಗೆ ಕಾಲು ಕೊಟ್ಟು ಮಾಡಿದ ಮೇಜು. ಅದರ ಮೇಲೆ ಚರ್ಚು, ನೀರಿನ ಗಿರಣಿ, ಕಲ್ಲಿನ ಸೇತುವೆ, ಕಮ್ಮಾರನ ಕುಲುಮೆ, ಹುಲ್ಲು ಮಾಡಿನ ಹನ್ನೊಂದು ಮನೆ. ಇದನ್ನು ಗೊಂಬೆಮನೆ ಎಂದವರಿಗೆ ಹಲ್ಲಯ್ಯ ಒಂದು ವಾರ ಮುಖ ಕೊಡುತ್ತಿರಲಿಲ್ಲ. ಇದು ಯುದ್ಧದಾಟದ ನೆಲ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಸೀಸದ ಸಿಪಾಯಿಗಳನ್ನು ಅಳತೆಪಟ್ಟಿಯಲ್ಲಿ ಅಳೆದು ನಡೆಸುತ್ತ, ದಾಳ ಉರುಳಿಸಿ ಯಾರು ಸತ್ತರು ಯಾರು ಉಳಿದರು ಎಂದು ತೀರ್ಮಾನಿಸುತ್ತ, ಇಬ್ಬರು ಎದುರುಬದುರು ನಿಂತು ಆಡುವ ಆಟ. ಒಂದು ಕಡೆ ಅರಸನ ದಂಡು, ಇನ್ನೊಂದು ಕಡೆ ಪಾರ್ಲಿಮೆಂಟಿನ ದಂಡು. ಆ ದೇಶದವರು ಹಿಂದೊಮ್ಮೆ ತಮ್ಮತಮ್ಮಲ್ಲೇ ಇಬ್ಭಾಗವಾಗಿ ಬಡಿದಾಡಿಕೊಂಡಿದ್ದರು. ಅವರು ಬಡಿದಾಡಿ ಮರೆತರು, ಇವನು ಮಾತ್ರ ಮರೆತಿರಲಿಲ್ಲ.

ಗೋಡೆಗೆಲ್ಲ ಹಲ್ಲಿನ ಪ್ಲಾಸ್ಟರ್. ತೊಲೆಗೆ ಐಸ್‌ಕ್ರೀಮ್ ಕಡ್ಡಿ, ಹಳತಾಗಿ ಕಾಣಲೆಂದು ಚಾಕುವಿನಿಂದ ಕೆರೆದದ್ದು. ಹುಲ್ಲು ಮಾಡಿಗೆ ಹಳೇ ಟವೆಲ್ ತುಂಡು, ಅಂಟು ಬಳಿದು ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆಳಮುಖವಾಗಿ ಬಾಚಿದ್ದು. ದಾರಿಯಲ್ಲಿ ಉದುರಿದ ತರಗೆಲೆಗಳಿಗೆ ಸೋಸಿ ಒಣಗಿಸಿದ ಚಹಾಪುಡಿ. ಪ್ರತಿ ಮನೆಯ ಮಾಡನ್ನೂ ಡಬ್ಬಿಯ ಮುಚ್ಚಳದ ಹಾಗೆ ಎತ್ತಬಹುದಿತ್ತು. ಆಟದಲ್ಲಿ ಸಿಪಾಯಿಗಳು ಮನೆಗೆ ನುಗ್ಗಿದರೆ ಅವರನ್ನು ಒಳಗೆ ನಿಲ್ಲಿಸಬೇಕಲ್ಲ, ಅದಕ್ಕೆ.

ಎಲ್ಲ ಇತ್ತು, ಸಿಪಾಯಿಗಳು ಮಾತ್ರ ಇರಲಿಲ್ಲ. ಒಬ್ಬನೇ ಒಬ್ಬನೂ ಇರಲಿಲ್ಲ. ಹನ್ನೊಂದು ಮನೆಯ ಬಾಗಿಲೂ ಮೂರು ವರ್ಷದಿಂದ ತೆರೆದೇ ಇದ್ದವು, ಯಾರೂ ಒಳಗೆ ಹೋಗಿರಲಿಲ್ಲ.

ತಿಂಗಳ ಮೊದಲ ಭಾನುವಾರ ಅಕ್ಕ ಬರುತ್ತಿದ್ದಳು. ಬಂದವಳು ಮೊದಲು ಕಿಟಕಿ ತೆಗೆಯುತ್ತಿದ್ದಳು, ಆಮೇಲೆ ತಮ್ಮನ ಮಾನ ತೆಗೆಯುತ್ತಿದ್ದಳು.

"ಮದುವೆ ಆಗೋ ಅಂದರೆ ಆಗಲಿಲ್ಲ. ಈಗ ಊರೇ ಕಟ್ಕೊಂಡು ಕೂತಿದ್ದೀಯ. ಇದೇನೋ ಇದು, ಹೊಸದು?"

"ಹಂದಿಗೂಡು."

"ಹಂದಿ ಎಲ್ಲಿ?"

"ಮಾಡ್ಬೇಕು."

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಮೇಜಿನ ಸುತ್ತ ಒಂದು ಸುತ್ತು ಬಂದಳು. ಅವಳಿಗೆ ಅರಸನೂ ಗೊತ್ತಿಲ್ಲ, ಪಾರ್ಲಿಮೆಂಟೂ ಗೊತ್ತಿಲ್ಲ, ಆದರೆ ತಮ್ಮ ಯಾರು ಅಂತ ಚೆನ್ನಾಗಿ ಗೊತ್ತಿತ್ತು. "ಹೋದ ಸಲ ಬಾವಿ ಮಾಡಿದೆ. ಅದರ ಹಿಂದಿನ ಸಲ ಬಾವಿ ಇಲ್ಲದೆ ಊರು ಮುಗಿಯಲ್ಲ ಅಂದಿದ್ದೆ. ಈಗ ಹಂದಿ. ನನಗೊಂದು ಹೇಳು, ಇದು ಯಾವಾಗ ಮುಗಿಯುತ್ತೆ?"

"ಮುಗಿಯುತ್ತೆ ಬಿಡು."

"ಮುಗಿಯಲ್ಲ. ನೀನು ಮುಗಿಸಲ್ಲ. ಮುಗಿಸಿದರೆ ಅವನನ್ನ ಕರೀಬೇಕಾಗುತ್ತಲ್ಲ."

ಹಲ್ಲಯ್ಯ ಹಂದಿಗೂಡಿನ ಬಾಗಿಲನ್ನು ನಖದಷ್ಟು ಎಡಕ್ಕೆ ಸರಿಸಿದ. ಅಕ್ಕ ಹೇಳಿದ್ದು ನಿಜವಾಗಿತ್ತು. ನಿಜ ಹೇಳುವವರ ಮೇಲೆ ಬರುವ ಸಿಟ್ಟು ಇನ್ಯಾರ ಮೇಲೂ ಬರುವುದಿಲ್ಲ. ಅವಳು ಹೋದ ಮೇಲೆ ಅವನು ಕಿಟಕಿಯನ್ನು ಧಡಾರೆಂದು ಮುಚ್ಚಿದ.

ಅವನು ಎಂದರೆ ಗಡಿಯಾರಣ್ಣ. ಮೂರು ಬೀದಿ ಆಚೆ, ತಮ್ಮ ಮನೆಯ ಮೆಟ್ಟಿಲಿನ ಕೆಳಗಿನ ಒಂದು ಗೂಡಿನಂಥ ಅಂಗಡಿಯಲ್ಲಿ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಹಲ್ಲಯ್ಯನಿಗಿಂತ ಎಂಟು ವರ್ಷ ದೊಡ್ಡವರು. ಹಲ್ಲಯ್ಯ ಅವರನ್ನು ಅಣ್ಣ, ನೀವು ಎನ್ನುತ್ತಿದ್ದ. ಅವರು ಇವನನ್ನು ಏನಯ್ಯ, ನೀನು ಎನ್ನುತ್ತಿದ್ದರು. ಇಪ್ಪತ್ತು ವರ್ಷ, ಪ್ರತಿ ಶನಿವಾರ ಮಧ್ಯಾಹ್ನ, ಇಬ್ಬರೂ ಅಂಗಡಿ ಮುಚ್ಚಿ ಈ ಮೇಜಿನ ಎರಡು ಬದಿಗೆ ನಿಂತಿದ್ದರು. ಕೆಲಸ ಹಂಚಿಕೆಯಾಗಿತ್ತು. ನೆಲ, ಮನೆ, ಮರ ಹಲ್ಲಯ್ಯನವು, ಸಿಪಾಯಿಗಳು ಗಡಿಯಾರಣ್ಣನವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅವರು ಸಿಪಾಯಿಯ ಕೋಟಿನ ಗುಂಡಿಗೂ ಬಣ್ಣ ಹಚ್ಚುತ್ತಿದ್ದರು. ಎರಡೂ ದಂಡುಗಳು ಅವರ ಮನೆಯ ತಗಡಿನ ಡಬ್ಬಿಗಳಲ್ಲಿ, ಗಡಿಯಾರದ ಬಿಡಿಭಾಗಗಳ ಹಾಗೆ, ಖಾನೆಖಾನೆಗಳಲ್ಲಿ ಮಲಗುತ್ತಿದ್ದವು. ಹಾಗಾಗಿ ಒಬ್ಬರಿಲ್ಲದೆ ಇನ್ನೊಬ್ಬರ ಆಟ ಇಲ್ಲ. ಇವನ ಹತ್ತಿರ ಜನರಿಲ್ಲದ ನೆಲ, ಅವರ ಹತ್ತಿರ ನೆಲವಿಲ್ಲದ ಜನ.

ಆಗೆಲ್ಲ ನೆಲ ಎಂದರೆ ಒಂದು ಹಸಿರು ಬಟ್ಟೆ, ಮೂರು ಮನೆ, ಒಂದಿಷ್ಟು ಬೇಲಿ. ಗಡಿಯಾರಣ್ಣ ಪ್ರತಿ ಸಲ ಒಂದು ಮಾತು ಹೇಳುತ್ತಿದ್ದರು: "ಒಂದು ಪೂರ್ತಿ ಹಳ್ಳಿ ಇರಬೇಕು ಕಣಯ್ಯ. ಚರ್ಚು, ಗಿರಣಿ, ಸೇತುವೆ. ಚರ್ಚಿನ ಗೋಪುರಕ್ಕೆ ಗಡಿಯಾರ ನಾನು ಕೂರಿಸ್ತೀನಿ. ಆ ಕಾಲದ ಗಡಿಯಾರಕ್ಕೆ ಒಂದೇ ಮುಳ್ಳು ಇರ್ತಿತ್ತು, ಗೊತ್ತಾ? ನಿಮಿಷದ ಹಂಗೇ ಇರಲಿಲ್ಲ ಪುಣ್ಯಾತ್ಮರಿಗೆ." ಹಲ್ಲಯ್ಯ ಆಯ್ತಣ್ಣ ಮಾಡೋಣ ಎನ್ನುತ್ತಿದ್ದ. ಮಾಡಿರಲಿಲ್ಲ. ಎದುರಿಗೆ ಇದ್ದಾರಲ್ಲ, ಏನವಸರ ಎಂದುಕೊಂಡಿದ್ದ.

ಜಗಳ ಆದದ್ದು ಬೇಲಿಗೆ. ನಿಜವಾದ ಬೇಲಿಗೆ ಜಗಳಾಡಿ ಕೋರ್ಟಿಗೆ ಹೋದವರನ್ನು ನೀವು ನೋಡಿರುತ್ತೀರಿ. ಇವರದು ಪಾತ್ರೆ ಉಜ್ಜುವ ನಾರಿನಿಂದ ಮಾಡಿದ, ಗೇಣುದ್ದದ ಬೇಲಿ.

ಆಟದಲ್ಲಿ ಒಂದು ನಿಯಮ ಇತ್ತು. ನನ್ನ ಸಿಪಾಯಿ ನಿಮ್ಮ ಸಿಪಾಯಿಗೆ ಗುಂಡು ಹಾರಿಸಬೇಕಾದರೆ ಅವನಿಗೆ ನಿಮ್ಮವನು ಕಾಣಬೇಕು. ಕಾಣುತ್ತಾನೋ ಇಲ್ಲವೋ ತಿಳಿಯಲು, ಗುಂಡು ಹಾರಿಸುವ ಕಡೆಯವನು ಮೇಜಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ತನ್ನ ಸಿಪಾಯಿಯ ತಲೆಯ ಹಿಂದಿನಿಂದ ನೋಡಬೇಕು. ಅವನು ಕಾಣ್ತಾನೆ ಎಂದರೆ ಕಾಣ್ತಾನೆ, ಇಲ್ಲ ಎಂದರೆ ಇಲ್ಲ. ಎದುರಾಳಿ ಬಂದು ಬಗ್ಗಿ ಪರೀಕ್ಷೆ ಮಾಡುವ ಹಾಗಿಲ್ಲ. ಈ ಕೊನೆಯ ಮಾತು ಯಾವ ಪುಸ್ತಕದಲ್ಲೂ ಇರಲಿಲ್ಲ, ಇವರಿಬ್ಬರೇ ಮಾಡಿಕೊಂಡದ್ದು. ಇಪ್ಪತ್ತು ವರ್ಷದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಅವತ್ತು ಹಲ್ಲಯ್ಯನ ನಗಾರಿಯವನು, ಕೆಂಪು ಕೋಟು ತೊಟ್ಟು ದಂಡಿನ ಮುಂದೆ ನಗಾರಿ ಬಾರಿಸುವ ಸಿಪಾಯಿ, ಬೇಲಿಯ ಹಿಂದೆ ನಿಂತಿದ್ದ. ಬೇಲಿ ಅವನ ತಲೆಗಿಂತ ಎತ್ತರ. ಗಡಿಯಾರಣ್ಣ ಬಗ್ಗಿದರು, ಎಡಗಣ್ಣು ಮುಚ್ಚಿದರು, ನೋಡಿದರು.

"ಕಾಣ್ತಾನೆ. ಪೂರ್ತಿ ಕಾಣ್ತಾನೆ."

"ಅಣ್ಣ, ಬೇಲಿ ಇದೆ ಮಧ್ಯ."

"ಮಧ್ಯ ಏನೂ ಇಲ್ಲ ಕಣಯ್ಯ. ಕೆಂಪು ಕೋಟು ಕಣ್ಣಿಗೆ ಹೊಡೀತಾ ಇದೆ."

ಆಗ ಹಲ್ಲಯ್ಯ ಮಾಡಬಾರದ್ದನ್ನು ಮಾಡಿದ. ಮೇಜು ಸುತ್ತಿ ಬಂದು, ಅವರನ್ನು ಪಕ್ಕಕ್ಕೆ ಸರಿಸಿ, ತಾನೂ ಬಗ್ಗಿ ನೋಡಿದ. ಒತ್ತಾಗಿ ಎದ್ದ ಬೇಲಿ. ನಾರಿನ ಸಂದಿಯಲ್ಲಿ ಒಂದಿಷ್ಟೇ ಕೆಂಪು ಇಣುಕುತ್ತಿತ್ತು. ಎದ್ದು ನಿಂತವನ ಬಾಯಲ್ಲಿ, ಇಪ್ಪತ್ತು ವರ್ಷ ನೀವು ಎಂದ ಬಾಯಲ್ಲಿ, ನೀನು ಬಂತು.

"ನೀನು ಮೋಸಗಾರ."

ಗಡಿಯಾರಣ್ಣ ತಗಡಿನ ಡಬ್ಬಿ ಎಳೆದುಕೊಂಡರು. ಸಿಪಾಯಿಗಳನ್ನು ಒಬ್ಬೊಬ್ಬನನ್ನಾಗಿ ಡಬ್ಬಿಗೆ ಹಾಕಿದರು. ಎರಡು ಸಿಪಾಯಿಗಳು ಕೈತಪ್ಪಿ ಕೆಳಗೆ ಬಿದ್ದವು. ಅವನ್ನು ಎತ್ತಿಕೊಳ್ಳಲು ನೆಲವೆಲ್ಲ ತಡಕಾಡಿದರು. ಸಿಟ್ಟಿಗೆ ಕೈ ನಡುಗುತ್ತಿದೆ ಎಂದುಕೊಂಡ ಹಲ್ಲಯ್ಯ. ಡಬ್ಬಿ ಬಗಲಲ್ಲಿಟ್ಟುಕೊಂಡು ಅವರು ಮೆಟ್ಟಿಲಿಳಿದು ಹೋದರು. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ಅಂಗಡಿ ಮುಚ್ಚಿದರಂತೆ ಎಂದು ಯಾರೋ ಹೇಳಿದರು. ವಯಸ್ಸಾಯ್ತು, ಮುಚ್ಚಿರಬಹುದು ಎಂದುಕೊಂಡು ಇವನು ಸುಮ್ಮನಾದ. ಮೋಸ ಮಾಡಿದವರು ಅವರು, ತಾನೇಕೆ ಹೋಗಬೇಕು?

ಆದರೆ ಶನಿವಾರ ಮಧ್ಯಾಹ್ನ ಎಂಬುದೊಂದು ಇದೆಯಲ್ಲ, ಅದು ವಾರವಾರ ತಪ್ಪದೆ ಬರುತ್ತದೆ. ಎರಡು ಗಂಟೆಗೆ ಕೆಳಗಿನ ಬಾಗಿಲು ಹಾಕಿ ಮೇಲೆ ಬಂದರೆ ಆರು ಗಂಟೆಯವರೆಗೆ ಕೈಗೆ ಕೆಲಸವಿಲ್ಲ, ಕಿವಿಗೆ ಸದ್ದಿಲ್ಲ. ನಲ್ಲಿ ತೊಟ್ಟಿಕ್ಕುವುದು ಕೇಳುತ್ತದೆ. ಅಂಥ ಒಂದು ಶನಿವಾರ ಅವನು ಪ್ಲಾಸ್ಟರ್ ಕಲೆಸಿ ಚರ್ಚಿನ ಗೋಡೆ ಎಬ್ಬಿಸಿದ. ನನಗೋಸ್ಕರ ಮಾಡಿಕೊಳ್ಳುತ್ತಿದ್ದೇನೆ ಎಂದು ತನಗೇ ಹೇಳಿಕೊಂಡ. ತನಗೋಸ್ಕರವಾದರೆ ಗೋಪುರದಲ್ಲಿ ಗಡಿಯಾರದ ಜಾಗವನ್ನು ದುಂಡಗೆ ಖಾಲಿ ಬಿಟ್ಟದ್ದೇಕೆ ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಕೇಳುವವರೂ ಇರಲಿಲ್ಲ. ಆ ಬೇಲಿಯನ್ನು ಎರಡು ಸಲ ಕಸದ ಬುಟ್ಟಿಗೆ ಹಾಕಿ, ಎರಡು ಸಲವೂ ತೆಗೆದು, ಕೊನೆಗೆ ಹಳ್ಳಿಯ ನಡುಮಧ್ಯೆ, ಗಿರಣಿಯ ದಾರಿಯ ಪಕ್ಕ ನೆಟ್ಟ. ಸಂಜೆ ದೀಪ ಹಾಕಿದರೆ ಖಾಲಿ ಮನೆಗಳ ನೆರಳು ಗೋಡೆಯ ಮೇಲೆ ಬೀಳುತ್ತಿತ್ತು. ಅವನು ಸ್ಟೂಲಿನ ಮೇಲೆ ಕೂತು ಅದನ್ನೇ ನೋಡುತ್ತ ಊಟ ಮಾಡುತ್ತಿದ್ದ. ಕೆಲವು ದಿನ ಒಂದು ತಟ್ಟೆಯ ಸದ್ದಿಗೇ ಅವನಿಗೆ ಅಳು ಬರುತ್ತಿತ್ತು.

ಹೀಗೆ ಮೂರು ವರ್ಷ.

ಹಂದಿಗೂಡು ಮುಗಿದ ವಾರ, ಒಂದು ಮಂಗಳವಾರ ಬೆಳಿಗ್ಗೆ, ಡಾಕ್ಟರ ಕಡೆಯಿಂದ ಎರಡು ಅಚ್ಚು ಬಂದವು, ಮೇಲ್ದವಡೆಯದು ಒಂದು, ಕೆಳದವಡೆಯದು ಒಂದು. ಚೀಟಿಯಲ್ಲಿ ಎಂದಿನಂತೆ ನಂಬರು. ಮೇಲಿನ ಮುಂದಿನ ನಾಲ್ಕು ಹಲ್ಲು ಬೇಕು ಎಂದಿತ್ತು. ಹಲ್ಲಯ್ಯ ಪ್ಲಾಸ್ಟರ್ ಸುರಿದ, ಆರಲು ಬಿಟ್ಟ, ಬಿಡಿಸಿದ. ಮೇಲಿನದರಲ್ಲಿ ಮುಂದೆ ಖಾಲಿ. ಕೆಳಗಿನದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚು ಕೆರೆಯುತ್ತಿದ್ದವನ ಕೈ ನಿಂತಿತು.

ಕೆಳಗಿನ ಮುಂದಿನ ಹಲ್ಲೊಂದರ ತುದಿಯಲ್ಲಿ ಒಂದು ಸಣ್ಣ ತಗ್ಗಿತ್ತು. ಅರ್ಧ ಅಕ್ಕಿಕಾಳು ಕೂರುವಷ್ಟು. ನಲವತ್ತು ವರ್ಷ ಎರಡೂ ಕೈ ಗಡಿಯಾರದೊಳಗೆ ತೊಡಗಿದ್ದಾಗ ಹಿತ್ತಾಳೆಯ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರೆ ಆಗುವ ತಗ್ಗು. ಹಿಂದೆ ಮೇಲಿನ ಹಲ್ಲಿನಲ್ಲೂ ಅದಕ್ಕೆ ಜೋಡಿಯಾಗಿ ಇನ್ನೊಂದು ಇತ್ತು. ದಾಳ ಒಳ್ಳೆಯದು ಬಿದ್ದು ಗಡಿಯಾರಣ್ಣ ನಕ್ಕಾಗಲೆಲ್ಲ ಹಲ್ಲಯ್ಯ ಅದನ್ನು ನೋಡಿದ್ದ. ಈಗ ಆ ಮೇಲಿನ ಹಲ್ಲೇ ಇರಲಿಲ್ಲ.

ರೋಗಿಯ ವಿಷಯ ಕೇಳುವುದು ಅವನ ಪದ್ಧತಿಯಲ್ಲ. ಆದರೂ ಫೋನ್ ಮಾಡಿದ.

"ಡಾಕ್ಟ್ರೇ, ಈ ನಾಲ್ಕು ಹಲ್ಲಿನವರಿಗೆ ಏನಾಗಿತ್ತು?"

"ಮೆಟ್ಟಿಲಲ್ಲಿ ಬಿದ್ದರಂತೆ. ಪಾಪ, ಕಣ್ಣು ಕಾಣಲ್ಲ ಅವರಿಗೆ. ಯಾಕೆ, ಅಚ್ಚು ಸರಿ ಬಂದಿಲ್ವಾ?"

"ಬಂದಿದೆ. ಕಣ್ಣು ಯಾವಾಗಿಂದ ಕಾಣಲ್ವಂತೆ?"

"ಮೂರ್ನಾಲ್ಕು ವರ್ಷ ಆಯ್ತು ಅಂತಿದ್ರು ಅವರ ಹೆಂಡತಿ. ಕಣ್ಣಿನ ನರ ಒಣಗೋ ಕಾಯಿಲೆ. ಮೊದಲು ಮಸುಕು ಬಣ್ಣದ್ದೆಲ್ಲ ಮಾಯ ಆಗುತ್ತಂತೆ, ಗಾಢ ಬಣ್ಣ ಮಾತ್ರ ಸ್ವಲ್ಪ ದಿನ ಕಾಣುತ್ತಂತೆ. ಆಮೇಲೆ ಅದೂ ಇಲ್ಲ."

ಹಲ್ಲಯ್ಯ ಫೋನ್ ಇಟ್ಟ. ಹಲ್ಲು ಕೂರಿಸಲು ಬಳಸುವ ಕೆಂಪು ಮೇಣದ ಒಂದು ಚೂರು ಕಿತ್ತುಕೊಂಡು ಮೆಟ್ಟಿಲು ಹತ್ತಿದ. ಆ ಚೂರನ್ನು ಸಿಪಾಯಿಯಷ್ಟು ಎತ್ತರಕ್ಕೆ ತಿದ್ದಿ ಬೇಲಿಯ ಹಿಂದೆ ನಿಲ್ಲಿಸಿದ. ತನ್ನ ಕನ್ನಡಕದ ಗಾಜಿಗೆ ಬೆರಳಿನಿಂದ ವ್ಯಾಸಲೀನ್ ಸವರಿದ. ಬಗ್ಗಿ, ಎಡಗಣ್ಣು ಮುಚ್ಚಿ, ನೋಡಿದ.

ಬೇಲಿ ಇರಲಿಲ್ಲ. ಅದರ ಮಾಸಲು ಹಸಿರು ಹಿಂದಿನ ಮಾಸಲು ಗೋಡೆಯಲ್ಲಿ ಕರಗಿ ಹೋಗಿತ್ತು. ನಡುವೆ ಏನೂ ಅಡ್ಡವಿಲ್ಲದೆ ಒಂದು ಕೆಂಪು ಚುಕ್ಕೆ ಕಣ್ಣಿಗೆ ಹೊಡೆಯುತ್ತಿತ್ತು.

ಅವನು ಅಲ್ಲೇ ನೆಲದ ಮೇಲೆ ಕೂತ. ಬಹಳ ಹೊತ್ತು ಕೂತ. ಕಂಡದ್ದನ್ನು ಕಂಡ ಹಾಗೆ ಹೇಳಿದ ಮನುಷ್ಯನಿಗೆ ತಾನು ಏನೆಂದೆ ಎಂಬುದು ಅವನಿಗೆ ಈಗ ಪೂರ್ತಿಯಾಗಿ ಕೇಳಿಸಿತು. ಕೆಳಗೆ ಬಿದ್ದ ಎರಡು ಸಿಪಾಯಿಗಳಿಗಾಗಿ ನೆಲ ತಡಕಿದ ಆ ಕೈಗಳೂ ಈಗ ಕಂಡವು.

ನೀವಾಗಿದ್ದರೆ ತಕ್ಷಣ ಎದ್ದು ಮೂರು ಬೀದಿ ದಾಟಿ ಹೋಗಿ ಕಾಲು ಹಿಡಿಯುತ್ತಿದ್ದಿರಿ. ಹಲ್ಲಯ್ಯ ಅಂಥ ಗಟ್ಟಿಗನಲ್ಲ. ಮಾರನೆಯ ದಿನ ಅಂಗಿ ಬದಲಾಯಿಸಿ, ಆ ಬೀದಿಯ ಮೂಲೆಯವರೆಗೆ ಹೋಗಿ, ಮುಚ್ಚಿದ ಅಂಗಡಿಯ ತುಕ್ಕು ಹಿಡಿದ ಬಾಗಿಲು ನೋಡಿ ವಾಪಸು ಬಂದ. ಗುರುವಾರವೂ ಹೋಗಿ ವಾಪಸು ಬಂದ. ಬಾಯಿಯಿಂದ ಆಗದ ಕೆಲಸ ಅವನಿಗೆ ಕೈಯಿಂದ ಆಗುತ್ತಿತ್ತು. ಶುಕ್ರವಾರ ನಾಲ್ಕು ಹಲ್ಲು ಕೂರಿಸಿದ ಮೇಲೆ, ಅತ್ಯಂತ ಸಣ್ಣ ಅರ ಹಿಡಿದು, ಹೊಳೆಯುವ ಹೊಸ ಹಲ್ಲೊಂದರ ತುದಿಯನ್ನು ಉಜ್ಜಿದ. ಕೆಳಗಿನ ಅಚ್ಚಿನ ಮೇಲಿಟ್ಟು ನೋಡಿದ, ಮತ್ತೆ ಉಜ್ಜಿದ. ಒಂದು ಹಿತ್ತಾಳೆಯ ಪಿನ್ನು ತಂದು ಎರಡು ತಗ್ಗಿನ ನಡುವೆ ಇಟ್ಟ. ಅಲ್ಲಾಡದೆ ಕೂತಿತು.

ಸೋಮವಾರ ಡಾಕ್ಟರು ಫೋನ್ ಮಾಡಿದರು. ದನಿ ಬಿಗಿಯಾಗಿತ್ತು.

"ಏನ್ರೀ ಇದು? ಹೊಸ ಹಲ್ಲು, ತುದಿ ಒಡೆದಿದೆಯಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲವೂ ಹೀಗೆ ಕಳಿಸಿರಲಿಲ್ಲ ನೀವು."

"ಒಡೆದಿಲ್ಲ ಡಾಕ್ಟ್ರೇ. ಹಾಗೇ ಕೂರಿಸಿ ನೋಡಿ."

"ಕೂರಿಸಿದ ಮೇಲೆ ಅವರು ಬೈದರೆ?"

"ಬೈದರೆ ನನ್ನನ್ನ ಬಯ್ಯಲಿ. ಯಾರು ಮಾಡಿದ್ದು ಅಂತ ಮಾತ್ರ ನೀವಾಗಿ ಹೇಳಬೇಡಿ."

ಡಾಕ್ಟರು ಏನೋ ಗೊಣಗಿ ಫೋನ್ ಇಟ್ಟರು.

ಆ ಶನಿವಾರ ಹಲ್ಲಯ್ಯ ಎರಡು ಗಂಟೆಗೆ ಕೆಳಗಿನ ಬಾಗಿಲು ಹಾಕಲಿಲ್ಲ. ತೆರೆದೇ ಬಿಟ್ಟು ಮೇಲೆ ಹೋಗಿ ಕೂತ. ಬೀದಿಯಲ್ಲಿ ಯಾರೇ ಕೆಮ್ಮಿದರೂ ಎದ್ದು ಕಿಟಕಿಗೆ ಹೋದ. ಆರು ಗಂಟೆಯಾಯಿತು. ಹೋಗಿ ಬಾಗಿಲು ಹಾಕಿ ಬಂದ. ಮುಂದಿನ ಶನಿವಾರವೂ ಅಷ್ಟೇ. ನಾಲಿಗೆಗೆ ಆ ತಗ್ಗು ತಾಕಿಲ್ಲವೋ, ಅಥವಾ ತಾಕಿ, ಅರ್ಥವಾಗಿ, ಬೇಡವೆನ್ನಿಸಿತೋ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟಿತು. ಎರಡನೆಯದೇ ಇರಬೇಕು, ಅದೇ ತನಗೆ ತಕ್ಕದ್ದು ಎಂದುಕೊಂಡ. ಅವತ್ತು ಹಳ್ಳಿಗೆ ಹೊಸದೇನೂ ಸೇರಿಸಲು ಮನಸ್ಸಾಗಲಿಲ್ಲ. ಹಂದಿಯೂ ಬೇಡವಾಯಿತು. ಹಳೇ ಬೆಡ್‌ಶೀಟ್ ತಂದು ಮೇಜಿನ ಮೇಲೆ ಹೊದಿಸಿದ. ಚರ್ಚಿನ ಗೋಪುರದ ತುದಿ ಮಾತ್ರ ಬಟ್ಟೆಯನ್ನು ಎತ್ತಿ ಹಿಡಿದಿತ್ತು.

ಮೂರನೆಯ ಶನಿವಾರ ಮೂರು ಗಂಟೆಗೆ ಮೆಟ್ಟಿಲಲ್ಲಿ ಸದ್ದಾಯಿತು. ನಿಧಾನವಾದ ಎರಡು ಹೆಜ್ಜೆ, ಜೊತೆಗೆ ಇನ್ನೆರಡು, ಮತ್ತೆ ತಗಡಿನ ಸದ್ದು.

"ಹನ್ನೆರಡು. ಹದಿಮೂರು. ಹದಿನಾಲ್ಕು. ಬಂತು," ಎಂದಿತು ಒಂದು ದನಿ.

ಬಾಗಿಲಲ್ಲಿ ಗಡಿಯಾರಣ್ಣ ನಿಂತಿದ್ದರು. ತೆಳ್ಳಗಾಗಿದ್ದರು. ಕಣ್ಣು ತೆರೆದೇ ಇದ್ದವು, ಆದರೆ ಹಲ್ಲಯ್ಯನ ಕಿವಿಯ ಪಕ್ಕದ ಗೋಡೆಯನ್ನು ನೋಡುತ್ತಿದ್ದವು. ಅವರ ಹೆಂಡತಿ, ಹಲ್ಲಯ್ಯ ಅತ್ತಿಗೆ ಎನ್ನುತ್ತಿದ್ದವರು, ಒಂದು ಕೈಯಲ್ಲಿ ಅವರ ತೋಳು, ಇನ್ನೊಂದು ಕೈಯಲ್ಲಿ ಡಬ್ಬಿಗಳ ಚೀಲ ಹಿಡಿದಿದ್ದರು.

ಮೂರು ವಾರ ಮನಸ್ಸಿನಲ್ಲಿ ಉರು ಹೊಡೆದ ಮಾತೆಲ್ಲ ಹಲ್ಲಯ್ಯನಿಗೆ ಮರೆತುಹೋಯಿತು. ಬಾಯಿಗೆ ಬಂದದ್ದು ಕಸುಬಿನ ಮಾತು.

"ಹಲ್ಲು ಸರಿಯಾಗಿ ಕೂತಿದೆಯಾ ಅಣ್ಣ?"

"ಒಂದರಲ್ಲಿ ತಗ್ಗಿದೆ," ಎಂದರು ಗಡಿಯಾರಣ್ಣ. "ಡಾಕ್ಟರು ಬದಲಾಯಿಸಿ ಕೊಡ್ತೀನಿ ಅಂದರು."

"ನೀವು ಏನಂದ್ರಿ?"

"ಬೇಡ ಅಂದೆ. ನಾಲಿಗೆ ತಾಕಿಸಿದ ತಕ್ಷಣ ಗೊತ್ತಾಯ್ತು, ಯಾರ ಕೈ ಅಂತ."

ಅತ್ತಿಗೆ ಕಿಟಕಿಯ ಹತ್ತಿರ ಹೋಗಿ ಕೂತರು. "ಎರಡು ವಾರದಿಂದ ಚಪ್ಪಲಿ ಹಾಕೋದು, ಬಿಚ್ಚೋದು," ಎಂದರು. "ಇವತ್ತು ನಾನೇ ಎಳ್ಕೊಂಡು ಬಂದೆ. ನನಗೂ ಸಾಕಾಯ್ತು ಈ ಮುಖ ನೋಡಿ ನೋಡಿ."

ಹಲ್ಲಯ್ಯ ಬೆಡ್‌ಶೀಟ್ ಎಳೆದ. ಕುರ್ಚಿ ತಂದು ಮೇಜಿನ ಬದಿಗೆ ಹಾಕಿದ, ಅವರು ಯಾವಾಗಲೂ ನಿಲ್ಲುತ್ತಿದ್ದ ಬದಿಗೇ. ಗಡಿಯಾರಣ್ಣ ಕೂತು ಎರಡೂ ಕೈ ಮುಂದೆ ಚಾಚಿದರು. ಬೆರಳು ಮೊದಲು ತಾಕಿದ್ದು ಸೇತುವೆಗೆ. ಅಲ್ಲಿಂದ ಹರಿದುಹೋಗಿ ಗಿರಣಿಯ ಚಕ್ರ ಹಿಡಿದವು, ತಿರುಗಿಸಿದವು. ಒಂದು ಮನೆಯ ಮಾಡು ಎತ್ತಿದವು, ಒಳಗೆ ಒಂದು ಬೆರಳು ಹೋಗಿ ಒಲೆ ಹುಡುಕಿತು, ಮಾಡು ತಿರುಗಿ ಕೂತಿತು. ಮುಂದಿನ ಮನೆ. ಅದರ ಮುಂದಿನದು. ಮೂರು ವರ್ಷ ಯಾರೂ ಕಾಲಿಡದ ಮನೆಗಳಿಗೆ ಕೊನೆಗೂ ಒಬ್ಬರು ಬಂದಿದ್ದರು.

ಚಟ್ ಎಂದು ಸದ್ದಾಯಿತು. ಕಮ್ಮಾರನ ಹೊಗೆಗೂಡು ಮುರಿದಿತ್ತು.

"ಏನೋ ಮುರೀತು ಕಣಯ್ಯ."

"ಮುರೀಲಿ ಅಣ್ಣ."

ಬೆರಳು ಚರ್ಚಿನ ಗೋಪುರ ಹತ್ತಿದವು. ಖಾಲಿ ದುಂಡಿನ ಹತ್ತಿರ ನಿಂತು ಅದರ ಅಂಚನ್ನು ಎರಡು ಸಲ ಸುತ್ತಿದವು. "ಇದೇನು, ಇಲ್ಲಿ ಏನೂ ಮಾಡಿಲ್ಲ ನೀನು?"

"ಅದು ನಿಮ್ಮ ಕೆಲಸ ಅಲ್ವಾ."

ಗಡಿಯಾರಣ್ಣ ಹೆಬ್ಬೆರಳಿನಿಂದ ಆ ದುಂಡಿನ ಅಗಲ ಅಳೆದರು. "ಮುಂದಿನ ವಾರ ಒಂದು ಮುಳ್ಳು ತರ್ತೀನಿ," ಎಂದರು. ಆಮೇಲೆ ಅವರ ಕೈ ಕೆಳಗಿಳಿದು, ದಾರಿ ಹಿಡಿದು ಬಂದು, ಒರಟಾದ ಯಾವುದಕ್ಕೋ ತಾಕಿ ನಿಂತಿತು. ಬೆರಳುಗಳು ಅದರ ಉದ್ದಕ್ಕೂ ನಡೆದವು, ಮೇಲಿನ ಅಂಚು ಮುಟ್ಟಿ ಎತ್ತರ ನೋಡಿದವು.

"ಇದೇ ಅಲ್ವೇನಯ್ಯ?"

"ಹೂಂ. ಅದೇ."

"ಬೇಲಿ ಇದೆ," ಎಂದರು ಗಡಿಯಾರಣ್ಣ. "ಸಿಪಾಯಿಗಿಂತ ಎತ್ತರ ಇದೆ. ನೀನು ಹೇಳಿದ್ದು ಸರಿ."

"ಬೇಲಿ ಇದ್ದದ್ದು ಒಂದೇ ಸರಿ ಅಣ್ಣ. ಉಳಿದದ್ದೆಲ್ಲ ತಪ್ಪು. ನಾನು ಬಗ್ಗಿ ನೋಡಿದ್ದು ತಪ್ಪು. ಆಡಿದ ಮಾತು..."

"ನನಗೂ ಗೊತ್ತಿರಲಿಲ್ಲ ಕಣಯ್ಯ. ಅವತ್ತೇ ಗೊತ್ತಾಗಿದ್ದು. ನಿನ್ನ ಮೇಲೆ ಸಿಟ್ಟಲ್ಲಿ ಸೀದಾ ಅಂಗಡಿಗೆ ಹೋದೆ. ರಿಪೇರಿಗೆ ಬಂದ ಗಡಿಯಾರ ಎತ್ಕೊಂಡೆ. ಸೆಕೆಂಡಿನ ಮುಳ್ಳೇ ಇಲ್ಲ! ಯಾರೋ ಕಿತ್ತಿದ್ದಾರೆ ಅಂದ್ಕೊಂಡೆ. ಇನ್ನೊಂದು ಎತ್ಕೊಂಡೆ, ಅದರಲ್ಲೂ ಇಲ್ಲ." ಅವರು ಬೇಲಿಯ ಮೇಲಿಂದ ಕೈ ತೆಗೆಯದೆ ಹೇಳಿದರು. "ಬಂದು ನಿನಗೆ ಹೇಳಬೇಕಿತ್ತು. ಹೇಳಿದರೆ ಗಡಿಯಾರ ರಿಪೇರಿಯವನಿಗೆ ಕಣ್ಣಿಲ್ಲ ಅಂತ ನಾನೇ ಒಪ್ಕೊಂಡ ಹಾಗಾಗುತ್ತಲ್ಲ. ಕುರುಡ ಅನ್ನಿಸ್ಕೊಳ್ಳೋದಕ್ಕಿಂತ ಮೋಸಗಾರ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು."

ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಅವರು ಮೇಜಿನ ಮೇಲಿಟ್ಟರು. ಕೆಂಪು ಕೋಟಿನ ನಗಾರಿಯವನು. ಜೇಬಿನಲ್ಲಿ ಉಜ್ಜಿ ಉಜ್ಜಿ ಕೋಟಿನ ಬಣ್ಣ ಅ‌ಲ್ಲಲ್ಲಿ ಹಾರಿ ಸೀಸ ಕಾಣುತ್ತಿತ್ತು.

"ಇವನನ್ನ ಸತ್ತವರ ಡಬ್ಬಿಗೆ ಹಾಕಬೇಕೋ ಬದುಕಿದವರ ಡಬ್ಬಿಗೆ ಹಾಕಬೇಕೋ ಗೊತ್ತಾಗದೆ ಜೇಬಲ್ಲೇ ಇಟ್ಕೊಂಡಿದ್ದೆ. ತಗೋ, ನಿಲ್ಲಿಸು. ಆಟ ಎಲ್ಲಿ ನಿಂತಿತ್ತೋ ಅಲ್ಲಿಂದ ಆಡೋಣ."

ಹಲ್ಲಯ್ಯ ಮೇಣದ ಚೂರನ್ನು ತೆಗೆದು, ಬೇಲಿಯ ಹಿಂದೆ ನಗಾರಿಯವನನ್ನು ನಿಲ್ಲಿಸಿದ. ಅತ್ತಿಗೆ ಡಬ್ಬಿ ತೆರೆದುಕೊಟ್ಟರು. ಗಡಿಯಾರಣ್ಣ ಖಾನೆಗಳಲ್ಲಿ ಬೆರಳಾಡಿಸಿ, ಟೋಪಿ ಮುಟ್ಟಿ ಗುರುತು ಹಿಡಿದು, ಒಬ್ಬ ಕೋವಿಯವನನ್ನು ಎತ್ತಿ, ಗೇಣಿನಿಂದ ಅಳೆದು ಬೇಲಿಯ ಈಚೆ ಇಟ್ಟರು.

"ನನ್ನ ಸರದಿ. ನನ್ನವನು ಗುಂಡು ಹಾರಿಸಬೇಕು. ಬಾ ಈ ಕಡೆ, ಬಗ್ಗಿ ನೋಡು. ಇನ್ನು ಮೇಲೆ ಎರಡೂ ಕಡೆಗೆ ನೀನೇ ನೋಡಬೇಕು. ನೀನು ಕಾಣ್ತಾನೆ ಅಂದರೆ ಕಾಣ್ತಾನೆ, ಇಲ್ಲ ಅಂದರೆ ಇಲ್ಲ." ಹೊಸ ಹಲ್ಲು ತೋರಿಸಿ ನಕ್ಕರು. "ನಾನು ಬಗ್ಗಿ ಪರೀಕ್ಷೆ ಮಾಡಲ್ಲ."

ಹಲ್ಲಯ್ಯ ಮೇಜು ಸುತ್ತಿ ಬಂದ. ಅವರ ಪಕ್ಕದಲ್ಲಿ ಮಂಡಿಯೂರಿ, ಗಲ್ಲವನ್ನು ಮೇಜಿಗೆ ತಾಕಿಸಿ, ಎಡಗಣ್ಣು ಮುಚ್ಚಿ, ಅವರ ಸಿಪಾಯಿಯ ತಲೆಯ ಹಿಂದಿನಿಂದ ತನ್ನ ಸಿಪಾಯಿಯ ಕಡೆ ನೋಡಿದ. ನೋಡುತ್ತಲೇ ಇದ್ದ.

"ಏನಯ್ಯ, ಕಾಣ್ತಾನಾ?"

"ಇಲ್ಲ ಅಣ್ಣ."

"ಬೇಲಿ ಅಡ್ಡ ಇದೆಯಾ?"

"ಬೇಲೀನೂ ಕಾಣ್ತಿಲ್ಲ."

ಗಡಿಯಾರಣ್ಣ ಕೈ ಚಾಚಿ ಅವನ ಹೆಗಲು ಹುಡುಕಿದರು. ಅಲ್ಲಿಂದ ಅವರ ಬೆರಳು ಕೆನ್ನೆಗೆ ಬಂದವು, ಒದ್ದೆಯಾದವು. ಅವರು ಬೆರಳನ್ನು ತಮ್ಮ ಅಂಗಿಗೆ ಒರೆಸಿಕೊಂಡರು.

"ಸರಿ ಬಿಡು, ಗುಂಡು ಹಾರಿಸಲ್ಲ," ಎಂದರು. "ಈಗ ನಿನ್ನ ಸರದಿ."